ಮಿತಶಕ್ತಿಯ ವಿದ್ಯುದ್ವಾಹನ

ಪಂದ್ಯವೆಂದೊಡನೆ ವೇಗವೇ ನೆನಪಿಗೆ ಬರುವುದು ಸಹಜ. ಆದರೆ ವಿದ್ಯಾರ್ಥಿಗಳೇ ನಿರ್ಮಿಸಿದ ವಿದ್ಯುದ್ವಾಹನಗಳ ದೀರ್ಘದೂರದ ಪಂದ್ಯಗಳಲ್ಲಿ ಮುಖ್ಯವಾಗಿ ಪರೀಕ್ಷೆಗೊಳಗಾಗುವುದು ಮಿತವ್ಯಯ. ಈ ವಿದ್ಯೆ ಕನ್ನಡನಾಡಿಗೆ ಅಪರಿಚಿತವಲ್ಲ. ಬೆಂಗಳೂರಿನ ಶ್ರೀ ಚೇತನ್ ಮೈನಿಯವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ‘ಸನ್‌ರನ್ನರ್’ ಎಂಬ ಸೌರವಾಹನವನ್ನು ನಿರ್ಮಿಸಿದ ವಿದ್ಯಾರ್ಥಿವೃಂದದಲ್ಲಿದ್ದರು. ಆ ವಾಹನವು 1990ರಲ್ಲಿ ಅಮೆರಿಕದ ಪಂದ್ಯದಲ್ಲಿ ಪ್ರಥಮ ಸ್ಥಾನವನ್ನೂ, ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3,000 ಕಿಲೋಮೀಟರ್ ಪಂದ್ಯದಲ್ಲಿ ತೃತೀಯ ಸ್ಥಾನವನ್ನೂ ಗಳಿಸಿತು. ಅವರೇ ಮುಂದೆ ರೂಪಿಸಿದ ‘ರೇವಾ’ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನ ಬೀದಿಗಿಳಿಯಿತು.

ಅಂಥ ಸೌರವಾಹನಕ್ಕೆ ದೊರೆಯುವ ಶಕ್ತಿಯಾದರೂ ಎಷ್ಟು? ಮೈತುಂಬ ಫಲಕ ಹೊದಿಸಿದರೂ ಒಂದೆರಡು ಇಸ್ತ್ರಿಪೆಟ್ಟಿಗೆ ಕಾಯಿಸುವಷ್ಟು! ಕೂಡಿಡೋಣವೆಂದರೆ, ಸೀಸದ ಬ್ಯಾಟರಿಯು ತನ್ನಷ್ಟೇ ತೂಕದ ಪೆಟ್ರೋಲಿನಲ್ಲಿರುವ ಶಕ್ತಿಯ ಇನ್ನೂರರಲ್ಲೊಂದು ಪಾಲನ್ನೂ ಹಿಡಿಯಲಾರದು. ಆದುದರಿಂದ ನಿರ್ಮಾಪಕರು ತಮ್ಮ ಬುದ್ಧಿಯನ್ನೆಲ್ಲ ನಷ್ಟವನ್ನು ತಡೆಯುವುದಕ್ಕೇ ಮುಡಿಪಿಡಬೇಕಾಗುತ್ತದೆ.

ನಷ್ಟಕ್ಕೆ ಮೊದಲ ಕಾರಣ ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಗಂಟೆಗೆ 40 ಕಿ.ಮೀ. ಬಿಟ್ಟು 50ರಲ್ಲಿ ಓಡಿಸಿದರೆ ಗಾಳಿಯನ್ನು ಸೀಳಲು ಬೇಕಾಗುವ ಸಾಮರ್ಥ್ಯವು ಹೆಚ್ಚುಕಡಿಮೆ ಎರಡರಷ್ಟು! ಮುಂಭಾಗವೇ ಚೂಪಾಗಿರಬೇಕೆಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ಹಿಂದೆ ಏಳುವ ಗಾಳಿಯ ಸುಳಿಯೇ ದೊಡ್ಡ ಕಳ್ಳ. ಆದ್ದರಿಂದಲೇ ಈ ವಾಹನಗಳು ಮೀನಿನಂತೆ ಮುಂದೆ ದುಂಡಗಿದ್ದು ಬಾಲದತ್ತ ಸಣ್ಣಗಾಗುತ್ತ ಹೋಗುತ್ತವೆ.

ಎರಡನೆಯದು ಗಾಲಿ ಉರುಳುವಾಗಿನ ತಡೆ. ನಾಲವಾರದ ರೈಲು ನಿಲ್ದಾಣದಲ್ಲಿ ಗೂಡ್ಸ್ ಗಾಡಿಗಳನ್ನು ಕಾಣುವ ನಮ್ಮ ಬಾಲಕರಿಗೆ ಇದು ಸುಲಭವೇದ್ಯ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಸರಾಗವಾಗಿ ಉರುಳುತ್ತದೆ. ಎರೆಮಣ್ಣಿನ ದಾರಿಯಲ್ಲಿ ಬಂಡಿಯ ಗಾಲಿ ಹೆಜ್ಜೆಹೆಜ್ಜೆಗೂ ಮಣ್ಣನ್ನು ಅದುಮಿ ಸಾಗಬೇಕು. ರಬ್ಬರಿನ ಗಾಲಿಯೊಳಗೆ ಗಾಳಿ ಬಿಗಿಯಾಗಿದ್ದಷ್ಟೂ ಅದು ನಲುಗುವುದು ಕಡಿಮೆ. ಭಾರ ಹೆಚ್ಚಿದಂತೆ ಈ ತಡೆಯೂ ಹೆಚ್ಚುವುದರಿಂದ ಚೌಕಟ್ಟು ಹಗುರವಾಗಿರಬೇಕು. ಆದರೆ ಬ್ರೇಕು, ಚಾಲಕನ ರಕ್ಷಣೆ ಇವುಗಳಲ್ಲಿ ಉಳಿತಾಯ ಸಲ್ಲದು.

ಮೋಟಾರಿನ ಮಾತು ಬೇಗ ಮುಗಿಯುತ್ತದೆ: ಉತ್ತಮವಾದುದು ತಾನು ಪಡೆದ ವಿದ್ಯುತ್ತಿನ ನೂರಕ್ಕೆ ತೊಂಬತ್ತು ಪಾಲನ್ನು ಚಲನೆಯಾಗಿಸಬಲ್ಲದು. ಬ್ರೇಕು ಹಾಕಿದಾಗ ಅದೇ ಮೋಟಾರು ವಿದ್ಯುಜ್ಜನಕವಾಗಿ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುವ ಏರ್ಪಾಡು ರೇವಾದಲ್ಲಿಯೂ ಇದ್ದಿತು. ಉಳಿದುದು ಸಮಗತಿಯಲ್ಲಿ ನಡೆಸುವ ಚಾಲಕನ ಜಾಣ್ಮೆ.

ಇಂಥ ವಾಹನವನ್ನು ಕಟ್ಟಲು ಧನಬಲ ಬೇಕು, ನಿಜ. ದಾನಿಗಳು ಈ ಕಡೆ ಗಮನ ಹರಿಸಿದರೆ ಸಂತೋಷ. ಆದರೆ ಇದರ ಮೂಲತತ್ತ್ವವನ್ನು ಉಪಾಧ್ಯಾಯರು ನಾಳೆಯೇ ತೋರಿಸಬಹುದು. ಸಮತಟ್ಟಾದ ದಾರಿಯಲ್ಲಿ ಸೈಕಲ್ಲನ್ನು ಗೊತ್ತಾದ ವೇಗಕ್ಕೆ ತಂದು, ತುಳಿಯುವುದನ್ನು ನಿಲ್ಲಿಸಿ, ಅದು ಉರುಳಿದ ದೂರವನ್ನು ಅಳೆಯಿಸಲಿ. ಅನಂತರ ಗಾಲಿಗೆ ಗಾಳಿ ತುಂಬಿ ಅಳೆಯಿಸಲಿ. ಸವಾರನನ್ನು ಬಗ್ಗಿ ಕೂರಿಸಿ ಮತ್ತೊಮ್ಮೆ ಅಳೆಯಿಸಲಿ.