ಹಳೆಯ ಉಕ್ಕಿನ ಸೈಕಲ್ಲಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದರೆ ಗುಡಿಗೋಪುರಗಳ ಮಾತೆಂದು ತಿಳಿಯುವುದು ರೂಢಿ. ಆದರೆ ಜೀರ್ಣವಾದುದು ಯಾವುದೇ ಇರಲಿ, ಅದರ ಮೂಲಸ್ವರೂಪವನ್ನು ಅರಿತು, ಕೆಟ್ಟುದನ್ನು ತೆಗೆದು, ಇಲ್ಲದುದನ್ನು ಕೂಡಿಸಿ, ಮತ್ತೆ ಬಳಕೆಗೆ ತರುವ ಕೆಲಸವೆಲ್ಲ ಜೀರ್ಣೋದ್ಧಾರವೇ ಸರಿ. ಬಾಗಲಕೋಟೆಯ ನವನಗರದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಪಟ್ಟಣದ ತಗ್ಗಿನ ಓಣಿಗಳನ್ನು ಆವರಿಸುವುದೆಂದಾದಾಗ, ನೆಲೆ ಕಳೆದುಕೊಂಡವರಿಗಾಗಿ ಎದ್ದ ಊರು ಇದು. ಸೆಕ್ಟರುಗಳಾಗಿ ಅಳೆದು ಕಟ್ಟಿದ ಈ ಹೊಸ ಊರಿಗೆ ಹಳೆಯ ಮನೆಗಳ ಬಾಗಿಲು, ತೊಲೆ, ಸಾಮಾನುಗಳು ಬಂದವು. ಅಂತಹ ಸಾಮಾನುಗಳ ಸಾಲಿನಲ್ಲಿ ಅಪ್ಪನೋ ಅಜ್ಜನೋ ತುಳಿದ ಉಕ್ಕಿನ ಸೈಕಲ್ಲಿಗೂ ಒಂದು ಸ್ಥಾನವುಂಟು. ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದು. ತುಳಿಯಲು ಅದು ಬಾರದು.

ಈ ಸೀಮೆಯಲ್ಲಿ ಸೈಕಲ್ಲಿನ ವಿಚಾರ ಕೇವಲ ನೆನಪಿನ ವಿಚಾರವಲ್ಲ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಸೈಕಲ್ ಪಂದ್ಯಕ್ಕೆ ನಾಡಿನಲ್ಲಿಯೇ ಹೆಸರಾದವು. ರಾಜ್ಯಕ್ಕೆ ಕೀರ್ತಿ ತಂದ ಸ್ಪರ್ಧಾಳುಗಳಲ್ಲಿ ಅನೇಕರು ಇಲ್ಲಿಯ ಹಳ್ಳಿಗಳ ಮಕ್ಕಳು. ಆದರೆ ಇಂದಿನ ಪಂದ್ಯದ ಸೈಕಲ್ಲು ಕಾರ್ಬನ್ ನಾರಿನಿಂದ ಆದುದು. ಅದು ಎಷ್ಟು ಹಗುರವೆಂದರೆ, 6.8 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಸೈಕಲ್ಲನ್ನು ಪಂದ್ಯಕ್ಕೆ ಬಿಡಕೂಡದೆಂದು ಅಂತರರಾಷ್ಟ್ರೀಯ ಸಂಸ್ಥೆಯು ನಿಯಮ ಮಾಡಬೇಕಾಯಿತು. ಅದರ ಬೆಲೆಯಾದರೋ ಲಕ್ಷಗಳಲ್ಲಿ. ಒಕ್ಕಲುತನದ ಮನೆಯ ಮಗು ಮೊದಲ ದಿನವೇ ಅದನ್ನು ಏರಲಾರದು. ಹಳೆಯ ಉಕ್ಕಿನ ಓಟದ ಸೈಕಲ್ಲು ಸುಮಾರು 10–11 ಕಿಲೋಗ್ರಾಮು ತೂಗುತ್ತದೆ. ಸರಿಯಾಗಿ ಸಜ್ಜುಗೊಳಿಸಿದರೆ ಅಭ್ಯಾಸದ ಮೊದಲ ವರ್ಷಗಳಿಗೆ ಅದು ಧಾರಾಳವಾಗಿ ಸಾಕು. ಸರಿಯಾಗಿ ಸಜ್ಜುಗೊಳಿಸದಿದ್ದರೆ ಇಳಿಜಾರಿನಲ್ಲಿ ಅದೇ ಸೈಕಲ್ಲು ಮಗುವಿನ ಹಲ್ಲನ್ನೋ ಪ್ರಾಣವನ್ನೋ ತೆಗೆದೀತು. ಆದಕಾರಣ ಈ ವಿದ್ಯೆಯನ್ನು ಕ್ರಮವಾಗಿ ತಿಳಿಯುವುದು ಅವಶ್ಯ.

ಎರಡು ಸಮಗಾತ್ರದ ಗಾಲಿಗಳ, ಚೈನು ಹಿಂಗಾಲಿಯನ್ನು ನಡೆಸುವ ಸೈಕಲ್ಲಿಗೆ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು 1885ರಲ್ಲಿ ನೆಲೆಯಾದ ರೂಪ ಕೊಟ್ಟನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ತಂದನು. ಕೊಳವೆಯ ತುದಿಗಳನ್ನು ದಪ್ಪವಾಗಿಯೂ ನಡುವನ್ನು ತೆಳುವಾಗಿಯೂ ಎಳೆಯುವ ಕೌಶಲಕ್ಕೆ ರೆನಾಲ್ಡ್ಸನು 1897ರಲ್ಲಿ ಹಕ್ಕುಪತ್ರ ಪಡೆದನು. ಅದೇ ಮನೆತನದ ಸಂಸ್ಥೆಯು 1935ರಲ್ಲಿ ಹೊರತಂದ ‘531’ ಎಂಬ ಉಕ್ಕು ಓಟದ ಸೈಕಲ್ಲುಗಳಲ್ಲಿ ದಶಕಗಳ ಕಾಲ ಮೆರೆಯಿತು. ಭಾರತದಲ್ಲಿ ಮುಂಬಯಿಯ ಹಿಂದ್, ಆಸನಸೋಲದ ಸೆನ್-ರ‍್ಯಾಲೆ, ಮದರಾಸಿನ ಬಳಿಯ ಅಂಬತ್ತೂರಿನ ಟಿ.ಐ., ಸೋನಿಪತದ ಅಟ್ಲಾಸ್, ಲೂಧಿಯಾನದ ಹೀರೋ ಮುಂತಾದ ಕಾರ್ಖಾನೆಗಳು ಊರೂರಿಗೆ ಸೈಕಲ್ಲನ್ನು ಮುಟ್ಟಿಸಿದವು. ಇವುಗಳಲ್ಲಿ ಕೆಲವು ಇಂದು ಇಲ್ಲ. ಅಟ್ಲಾಸ್ ಸಂಸ್ಥೆಯ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದ್ದರಿಂದ ಹಳೆಯ ಸೈಕಲ್ಲಿಗೆ ಅದರದೇ ಭಾಗಗಳು ದೊರೆಯುವುದು ದುರ್ಲಭ. ಒಂದರ ಅಂಗವನ್ನು ಮತ್ತೊಂದಕ್ಕೆ ಕೂಡಿಸುವುದು ಅನಿವಾರ್ಯ.

ಈ ಕೂಡಿಕೆಗೆ ಕನ್ನಡ ವ್ಯಾಕರಣದಲ್ಲಿ ತಕ್ಕ ಸಾದೃಶ್ಯವೊಂದಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಪದದೊಡನೆ ಕನ್ನಡ ಪದವನ್ನು ಸಮಾಸ ಮಾಡುವುದನ್ನು ಅರಿಸಮಾಸವೆಂದು ನಿಷೇಧಿಸಿದನು. ಆದರೂ ಪೂರ್ವಕವಿಗಳ ಪ್ರಯೋಗದಲ್ಲಿ ನಿಂತುದನ್ನು ಒಪ್ಪಿದನು; ಗಮಕ, ಕ್ರಿಯಾಸಮಾಸಗಳಿಗೆ ಆ ದೋಷ ತಟ್ಟದೆಂಬುದು ವ್ಯಾಕರಣ ಓದಿದವರೆಲ್ಲರೂ ಬಲ್ಲ ಸಂಗತಿ. ಸೈಕಲ್ಲಿನಲ್ಲಿಯೂ ಹೀಗೆಯೇ. ಕೆಲವು ಕೂಡಿಕೆಗಳು ನಿರ್ದೋಷ, ಕೆಲವು ಬಳಕೆಯಿಂದ ಸಮ್ಮತ, ಕೆಲವು ಸರ್ವಥಾ ನಿಷಿದ್ಧ. ಇವುಗಳ ಭೇದವನ್ನು ಅರಿತವನೇ ನಿಜವಾದ ಮಿಸ್ತ್ರಿ.

ಮೊದಲನೆಯ ಕೆಲಸ ಪರೀಕ್ಷೆ. ಫ್ರೇಮು ಕೆಟ್ಟಿದ್ದರೆ ಉಳಿದುದೆಲ್ಲ ವ್ಯರ್ಥ. ಹ್ಯಾಂಡಲ್ಲಿನ ಕೆಳಗಿರುವ ತಲೆಕೊಳವೆಯ ಹಿಂದೆ, ಕೆಳಕೊಳವೆಯ ಬಣ್ಣ ಸುಕ್ಕುಗಟ್ಟಿದ್ದರೆ ಆ ಸೈಕಲ್ಲು ಎಂದೋ ಎದುರಿಗೆ ಗುದ್ದಿಕೊಂಡಿದೆಯೆಂದು ತಿಳಿಯಬೇಕು. ಮುಂದಿನ ಫೋರ್ಕಿನ ಕೊರಳು, ಪೆಡಲ್ಲಿನ ಇರಚು ಕೂರುವ ಗುಂಬ, ಹಿಂಗಾಲಿ ಸಿಕ್ಕುವ ತುದಿಗಳು, ಇವುಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಮುಂದೆ ಹೋಗಬಾರದು. ನೇರವನ್ನು ನೋಡಲು ಒಂದು ದಾರ ಸಾಕು. ಹಿಂದಿನ ಒಂದು ತುದಿಗೆ ದಾರ ಕಟ್ಟಿ, ತಲೆಕೊಳವೆಯನ್ನು ಬಳಸಿ ತಂದು, ಮತ್ತೊಂದು ತುದಿಗೆ ಬಿಗಿಯಬೇಕು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಗಳಿಗಿರುವ ಅಂತರ ಸಮನಾಗಿದ್ದರೆ ಫ್ರೇಮಿನ ಹಿಂಭಾಗ ನೆಟ್ಟಗಿದೆ. ಅಲ್ಪ ವ್ಯತ್ಯಾಸವಿದ್ದರೆ ಅನುಭವಿಯ ಕೈಯಲ್ಲಿ ಉಕ್ಕು ಮೆಲ್ಲನೆ ಬಾಗಿ ಸರಿಹೋಗುತ್ತದೆ. ಅಲ್ಯೂಮಿನಿಯಮಿಗೂ ಕಾರ್ಬನ್ನಿಗೂ ಈ ಗುಣವಿಲ್ಲ. ಉಕ್ಕಿನ ಸೈಕಲ್ಲು ಎರಡನೆಯ ಜನ್ಮ ಪಡೆಯಲು ಇದೇ ಮುಖ್ಯ ಕಾರಣ.

ಎರಡನೆಯದು ಬಿಚ್ಚುವಿಕೆ. ಇಲ್ಲಿ ಬಲಕ್ಕಿಂತ ತಾಳ್ಮೆ ದೊಡ್ಡದು. ತುಕ್ಕಿನಿಂದ ಹಿಡಿದ ಸೀಟಿನ ಕಂಬಕ್ಕೆ ಚಿಮಣಿ ಎಣ್ಣೆಯನ್ನೋ ತೆಳುವಾದ ಯಂತ್ರತೈಲವನ್ನೋ ಬಿಟ್ಟು ನಾಲ್ಕಾರು ದಿನ ಕಾಯಬೇಕು. ಎಡ ಪೆಡಲ್ಲಿನ ಥ್ರೆಡ್ಡು ಎಡಸುತ್ತಿನದು. ಬಿಚ್ಚಲು ಉಳಿದವಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಬೇಕು. ಇಂಗ್ಲಿಷ್ ಪದ್ಧತಿಯ ಸೈಕಲ್ಲಿನಲ್ಲಿ ಗುಂಬದ ಬಲಗಡೆಯ ಬಟ್ಟಲೂ ಹಾಗೆಯೇ. ಇದನ್ನರಿಯದೆ ಪಾನಾ ಹಾಕಿ ಜಗ್ಗಿದವರು ಬಿಚ್ಚುವ ಬದಲು ಬಿಗಿಮಾಡುತ್ತಾರೆ, ಕೊನೆಗೆ ಕೆಡಿಸುತ್ತಾರೆ. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಅದರ ನಟ್ಟು, ವಾಶರುಗಳ ಸಮೇತ ಬೇರೆ ಬೇರೆ ಡಬ್ಬಿಗಳಲ್ಲಿ ಇಡುವುದು ಉತ್ತಮ.

ಮೂರನೆಯದು ಅಳತೆ. ಇದೇ ಈ ಶಾಸ್ತ್ರದ ತಿರುಳು. ಇಂಗ್ಲಿಷ್ ಗುಂಬದ ಥ್ರೆಡ್ಡು 1.37 ಅಂಗುಲ ವ್ಯಾಸದ್ದು, ಇಟಲಿಯದು 36 ಮಿಲಿಮೀಟರಿನದು. ಎರಡರಲ್ಲಿಯೂ ಅಂಗುಲಕ್ಕೆ 24 ಸುತ್ತುಗಳಿದ್ದರೂ ಒಂದರ ಬಟ್ಟಲು ಮತ್ತೊಂದಕ್ಕೆ ಕೂರದು. ಗಾಲಿಗಳ ಹೆಸರು ಇನ್ನೂ ಮೋಸಗೊಳಿಸುತ್ತದೆ. 28×1½ ಎಂಬ ನಮ್ಮ ಸಾದಾ ಸೈಕಲ್ಲಿನ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರು. 27×1¼ ಎಂಬ ಹಳೆಯ ಓಟದ ಗಾಲಿಯದು 630. ಇಂದಿನ 700-ಸಿ ಗಾಲಿಯದು 622. ಕಣ್ಣಿಗೆ ಒಂದೇ ಎನಿಸಿದರೂ ಒಂದರ ಟೈರು ಮತ್ತೊಂದಕ್ಕೆ ಸಲ್ಲದು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಮಿಲಿಮೀಟರಿನ ಸಂಖ್ಯೆಯನ್ನೇ ನಂಬಬೇಕು.

ಇನ್ನು ಸಮ್ಮತವಾದ ಕೂಡಿಕೆಗಳು. 630ರ ಗಾಲಿಯ ಫ್ರೇಮಿಗೆ 622ರ ಗಾಲಿಯನ್ನು ಹಾಕಬಹುದು. ಆಗ ರಿಮ್ಮು 4 ಮಿಲಿಮೀಟರು ಕೆಳಗಿಳಿಯುವುದರಿಂದ ಬ್ರೇಕಿನ ತೋಳು ಅಷ್ಟು ಉದ್ದ ತಲಪುವಂತಿರಬೇಕು. ತಲಪದಿದ್ದರೆ ಬ್ರೇಕಿನ ರಬ್ಬರು ಟೈರನ್ನೇ ಉಜ್ಜಿ ಹರಿದೀತು. ಹಿಂಗಾಲಿಯ ಅಗಲ 126 ಮಿಲಿಮೀಟರಿದ್ದ ಫ್ರೇಮನ್ನು ಎರಡೂ ಬದಿಗೆ ಸಮನಾಗಿ ಹಿಗ್ಗಿಸಿ 130ರ ಗಾಲಿಗೆ ಒಗ್ಗಿಸಬಹುದು. ಗೇರಿನ ವಿಷಯದಲ್ಲಿ ಹಳೆಯ ಪದ್ಧತಿ ಉದಾರವಾದುದು. ಸವಾರನೇ ಕೈಬೆರಳಿನಿಂದ ಹದ ನೋಡಿ ಸರಿಸುವ ಹಳೆಯ ಸನ್ನೆಯು ಯಾವ ಕಂಪನಿಯ ಗೇರಿನೊಡನೆಯೂ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. 1980ರ ದಶಕದ ನಡುವಿನಿಂದ ಬಂದ, ‘ಟಿಕ್’ ಎಂದು ಮೆಟ್ಟಿಲು ಮೆಟ್ಟಿಲಾಗಿ ಸರಿಯುವ ಸನ್ನೆಗಳಿಗಾದರೋ ತಮ್ಮದೇ ಬಳಗದ ಭಾಗಗಳು ಬೇಕು. ಆದ್ದರಿಂದ ಬಗೆಬಗೆಯ ಭಾಗಗಳಿಂದ ಸೈಕಲ್ಲು ಕಟ್ಟುವವರಿಗೆ ಹಳೆಯ ಸನ್ನೆಯೇ ಶ್ರೇಷ್ಠ.

ನಿಷಿದ್ಧವಾದವುಗಳನ್ನು ಮರೆಯದೆ ನೆನಪಿಡಬೇಕು. ಹ್ಯಾಂಡಲ್ಲಿನ ನಡುಭಾಗದ ದಪ್ಪ 25.4 ಮಿಲಿಮೀಟರೂ, ಅದನ್ನು ಹಿಡಿಯುವ ಕಂಠದ ಅಳತೆ 26.0 ಮಿಲಿಮೀಟರೂ ಆಗಿದ್ದರೆ ಬೋಲ್ಟು ಬಿಗಿದಾಗ ಹಿಡಿದಂತೆ ತೋರುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಾಕಿ ಮುಂದಕ್ಕೆ ಒರಗಿದಾಗ ಹ್ಯಾಂಡಲ್ಲು ತಿರುಗಿ ಸವಾರನು ಮುಗ್ಗರಿಸುತ್ತಾನೆ. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಈ ಭೇದ ಸಣ್ಣದಲ್ಲ. ಕಂಠದ ಮೇಲೆ ಕೆತ್ತಿದ ಗೆರೆ ಹೊರಗೆ ಕಾಣುವಷ್ಟು ಅದನ್ನು ಎತ್ತರಿಸುವುದೂ ಅಪಾಯಕರ. ಸಾದಾ ಸೈಕಲ್ಲಿನ ಸರಳಿನ ಬ್ರೇಕಿಗೆಂದು ಮಾಡಿದ ರಿಮ್ಮಿಗೆ, ಎರಡು ಬದಿಗಳಿಂದ ಅಮುಕುವ ತಂತಿಯ ಬ್ರೇಕನ್ನು ಕೂಡಿಸಬಾರದು. ಅಲ್ಲಿ ರಬ್ಬರಿಗೆ ಆತುಕೊಳ್ಳಲು ಸಮತಲವಾದ ಪಕ್ಕವೇ ಇರುವುದಿಲ್ಲ. ನಯವಾದ ಉಕ್ಕಿನ ರಿಮ್ಮು ಮಳೆಯಲ್ಲಿ ಜಾರುವುದರಿಂದ, ಗಾಲಿಗಳನ್ನು ಹೇಗೂ ಬದಲಿಸುವುದಾದರೆ ಅಲ್ಯೂಮಿನಿಯಮ್ ರಿಮ್ಮನ್ನು ಆರಿಸುವುದು ವಿವೇಕ.

ಹಳೆಯದಾದರೂ ಹೊಸದನ್ನೇ ಹಾಕಬೇಕಾದ ಭಾಗಗಳೂ ಕೆಲವಿವೆ. ಬ್ರೇಕಿನ ತಂತಿ, ರಬ್ಬರು, ಟೈರು, ಟ್ಯೂಬುಗಳಲ್ಲಿ ಜಿಪುಣತನ ಸಲ್ಲದು. ಬೇರಿಂಗಿನ ಉಕ್ಕಿನ ಗುಂಡುಗಳನ್ನು ಒಂದೆರಡಾಗಿ ಅಲ್ಲ, ಒಂದು ಬಟ್ಟಲಿನವನ್ನೆಲ್ಲ ಒಟ್ಟಿಗೆ ಬದಲಿಸಬೇಕು. ಹೆಚ್ಚುಕಡಿಮೆ ಸವೆದ ಗುಂಡುಗಳಿದ್ದರೆ ಭಾರವೆಲ್ಲ ದೊಡ್ಡವುಗಳ ಮೇಲೆ ಬೀಳುತ್ತದೆ. ಚೈನಿನ ಪರೀಕ್ಷೆಗೆ ಒಂದು ಅಡಿಪಟ್ಟಿ ಸಾಕು. ಅರ್ಧ ಅಂಗುಲಕ್ಕೊಂದರಂತೆ 24 ಕೊಂಡಿಗಳು ಸರಿಯಾಗಿ 12 ಅಂಗುಲವಿರಬೇಕು. ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಿದ್ದರೆ ಚೈನನ್ನು ಬದಲಿಸಬೇಕು. ಎಂಟನೆಯ ಒಂದು ಭಾಗ ಹೆಚ್ಚಿದ್ದರೆ ಅದು ಹಲ್ಲುಚಕ್ರಗಳನ್ನೂ ತಿಂದಿರುತ್ತದೆ.

ಬಣ್ಣದ ವಿಷಯದಲ್ಲಿ ಸಂಯಮವಿರಲಿ. ಹಳೆಯ ಬಣ್ಣ, ಕೈಯಿಂದ ಎಳೆದ ಚಿನ್ನದ ಗೆರೆ, ಕಾರ್ಖಾನೆಯ ಮುದ್ರೆ ಉಳಿದಿದ್ದರೆ ಅವನ್ನು ಒರಸಿ ಕಾಪಾಡಬೇಕು. ತುಕ್ಕು ಹಿಡಿದಲ್ಲಿ ಮಾತ್ರ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಬಣ್ಣ ಕೊಡಬೇಕು. ಓಲೆಗರಿಯ ಗ್ರಂಥವನ್ನು ಸಂಪಾದಿಸುವವನು ಮೂಲಪಾಠ ಉಳಿದಿರುವಲ್ಲಿ ತನ್ನ ಪಾಠವನ್ನು ತುಂಬುವುದಿಲ್ಲವಷ್ಟೆ. ಹಾಗೆಂದು ಲುಪ್ತವಾದುದನ್ನು ಊಹಿಸಿ ಕೂಡಿಸಿದುದಕ್ಕೆ ಆತನು ನಾಚುವುದೂ ಇಲ್ಲ. ಕೂಡಿಸಿದ್ದೆಂದು ಗುರುತು ಹಾಕುತ್ತಾನೆ. ಇಂಗ್ಲಿಷ್ ಫ್ರೇಮು, ಜಪಾನಿನ ಗೇರು, ಲೂಧಿಯಾನದ ಪೆಡಲ್ಲು ಕೂಡಿದ ಸೈಕಲ್ಲು ಕುಲಗೆಟ್ಟುದೇನೂ ಅಲ್ಲ. ಪ್ರತಿ ಸಂಧಿಯೂ ಅಳತೆಗೆ ಒಪ್ಪಿದ್ದರೆ ಅದು ನಿರ್ದೋಷವಾದ ಸಮಾಸ.

ಮನೆಯ ಮೂಲೆಯಲ್ಲಿ, ಅಟ್ಟದ ಮೇಲೆ ಇಂತಹ ಸೈಕಲ್ಲನ್ನು ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಗಳು ಅನೇಕರಿರಬಹುದು. ಅದನ್ನು ಬಲ್ಲ ಮಿಸ್ತ್ರಿಯ ಕೈಯಿಂದ ಸರಿಪಡಿಸಿ ಓಡಲು ಹಂಬಲಿಸುವ ಒಂದು ಮಗುವಿಗೆ ಒಪ್ಪಿಸಿದರೆ, ಆ ದಾನ ನಿಂತಲ್ಲಿ ನಿಲ್ಲದು. ದಿನವೂ ನಾಲ್ಕಾರು ಹರದಾರಿ ನಡೆದೀತು. ಶಾಲೆಯಲ್ಲಿ ಗಣಿತದ ಉಪಾಧ್ಯಾಯರು ಗಾಲಿಯ ವ್ಯಾಸವನ್ನೂ ವಿಜ್ಞಾನದ ಉಪಾಧ್ಯಾಯರು ತುಕ್ಕಿನ ಕಾರಣವನ್ನೂ ಅದೇ ಸೈಕಲ್ಲಿನ ಮುಂದೆ ನಿಂತು ಕಲಿಸಬಹುದು. ನೀರು ಬಂದು ಊರು ಸರಿದರೂ ಉಳಿದು ಬಂದ ವಸ್ತು ಅದು. ಅಜ್ಜನ ಕಾಲಿಗೆ ಪಳಗಿದ ಪೆಡಲ್ಲು ಮೊಮ್ಮಗಳ ಕಾಲಿಗೆ ಒಗ್ಗಲು ಬೇಕಾದುದು ಒಂದು ದಾರ, ಒಂದು ಅಡಿಪಟ್ಟಿ, ಸ್ವಲ್ಪ ಎಣ್ಣೆ, ಬಹಳ ತಾಳ್ಮೆ.