ನರೆಗೂದಲೂ ನೆರೆಯ ಕೋಶಗಳೂ

ಕಳೆದ ವರ್ಷ ನಮ್ಮ ಬಾಲಕಿಯೊಬ್ಬಳ ಬೈತಲೆಯ ಬಳಿ ಹತ್ತಾರು ಬಿಳಿಯ ಎಳೆಗಳು ಕಾಣಿಸಿಕೊಂಡವು. ಜೊತೆಯವರು ಅವಳನ್ನು ‘ಅಜ್ಜಿ’ ಎಂದು ಕರೆದರು. ಎಣ್ಣೆ ಹಚ್ಚಿಕೊಳ್ಳದ ತಪ್ಪಿಗೆ ಹೀಗಾಯಿತೆಂದು ಗದರಿಸಿದ ತಾಯಿಯು, ಬಳಿಕ ನಮ್ಮಲ್ಲಿಗೆ ಬಂದು ಕಣ್ಣೀರಿಟ್ಟರು. ಅಂದು ಅವರಿಗೆ ಹೇಳಿದ್ದನ್ನು ಎಲ್ಲಾ ಪೋಷಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತೇವೆ.

ಕೂದಲು ಚರ್ಮದೊಳಗಿನ ರೋಮಕೂಪವೆಂಬ ಕಿರುಗುಳಿಯಿಂದ ಬೆಳೆಯುವದು. ಆ ಗುಳಿಯ ಮಗ್ಗುಲಿನ ಒಂದು ಉಬ್ಬಿನಲ್ಲಿ ಎರಡು ವಿಧದ ಆಕರಕೋಶಗಳು ಒತ್ತೊತ್ತಾಗಿ ವಾಸಿಸುವವು. ಒಂದು ವಿಧದವು ಕೂದಲನ್ನು ಹುಟ್ಟಿಸತಕ್ಕವು. ಇನ್ನೊಂದು ವಿಧದವು ಮೆಲಾನಿನ್ ಎಂಬ ಬಣ್ಣವನ್ನು ತಯಾರಿಸುವ ಕೋಶಗಳನ್ನು ಹುಟ್ಟಿಸತಕ್ಕವು. ತಲೆಗೂದಲು ಕೆಲವು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ಉದುರಿ, ಮತ್ತೆ ಹುಟ್ಟುವದು. ಹೊಸ ಕೂದಲಿನ ಕಾಲದಲ್ಲಿ ಎರಡೂ ಒಟ್ಟಿಗೆ ಎಚ್ಚರಗೊಳ್ಳಬೇಕು. ಬಣ್ಣದ ಆಕರಕೋಶಗಳು ಹೊತ್ತಿಗೆ ಮುಂಚೆಯೇ ಎದ್ದು ಪಕ್ವವಾದರೆ ಅವುಗಳ ಸಂಗ್ರಹವು ಬರಿದಾಗುವದು. ಮುಂದಿನ ಕೂದಲು ಬೆಳ್ಳಗೆ ಬರುವದು.

ಹಾಗಾದರೆ ಅವುಗಳನ್ನು ಮಲಗಿಸಿಡುವವರಾರು? 2011ರಲ್ಲಿ ಜಪಾನಿನ ಎಮಿ ನಿಶಿಮುರಾ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇಲಿಗಳಲ್ಲಿ ಇದಕ್ಕೆ ಉತ್ತರವನ್ನು ಕಂಡರು. (ವಿಜ್ಞಾನವು ಹೆಣ್ಣುಮಕ್ಕಳಿಗೇಕೆ ಎಂದು ಕೇಳುವ ಪೋಷಕರು ಈ ಹೆಸರನ್ನು ಗುರುತಿಟ್ಟುಕೊಳ್ಳಲಿ.) 17ನೆಯ ಬಗೆಯ ಕೊಲಾಜೆನ್ ಎಂಬ ಪ್ರೋಟೀನು ಕೂದಲಿನ ಆಕರಕೋಶಗಳಲ್ಲಿ ಉಂಟು, ಬಣ್ಣದವುಗಳಲ್ಲಿಲ್ಲ. ಅದಿಲ್ಲದ ಇಲಿಗಳು ಅಕಾಲದಲ್ಲಿ ನರೆತವು, ಅವುಗಳ ಕೂದಲೂ ಉದುರಿತು. ಕೂದಲಿನ ಆಕರಕೋಶಗಳು ಟಿಜಿಎಫ್-ಬೀಟಾ ಎಂಬ ಸಂಕೇತದ್ರವ್ಯದಿಂದ ನೆರೆಯ ಬಣ್ಣದ ಕೋಶಗಳಿಗೆ, ಇನ್ನೂ ಹೊತ್ತಾಗಲಿಲ್ಲ, ಮಲಗಿರಿ ಎಂದು ಹೇಳುತ್ತಿರುವವು. ಆ ಇಲಿಗಳಲ್ಲಿ ಈ ಮಾತು ಕ್ಷೀಣಿಸಿತ್ತು. ಚರ್ಮದ ಮತ್ತು ಕೂದಲಿನ ಬುಡದ ಕೋಶಗಳಿಗೆ ಮಾತ್ರ ಆ ಪ್ರೋಟೀನನ್ನು ಮರಳಿ ಒದಗಿಸಿದಾಗ ಬಣ್ಣದ ಆಕರಕೋಶಗಳು ಉಳಿದುಕೊಂಡವು. ದೋಷವು ಅವುಗಳದ್ದಾಗಿರಲೇ ಇಲ್ಲ!

2013ರಲ್ಲಿ ಅಮೆರಿಕೆಯ ಎಲೇನ್ ಫುಕ್ಸ್ ಅವರ ತಂಡವು ಇನ್ನೊಂದು ಸಂಗತಿಯನ್ನು ಪ್ರಕಟಿಸಿತು. ಕೂದಲಿನ ಆಕರಕೋಶಗಳಿಂದ ಎನ್‌ಎಫ್‌ಐಬಿ ಎಂಬ ನಿಯಂತ್ರಕವನ್ನು ತೆಗೆದಾಗ, ಅವು ಎಂಡೋಥೀಲಿನ್-2 ಎಂಬ ದ್ರವ್ಯವನ್ನು ಮಿತಿಮೀರಿ ಸ್ರವಿಸಿದವು. ಬಣ್ಣದ ಕೋಶಗಳು ಅಕಾಲದಲ್ಲಿ ಎಚ್ಚತ್ತು ಹೆಚ್ಚಿದವು.

ಇವೆಲ್ಲಾ ಇಲಿಗಳ ಸಂಗತಿ. ಮನುಷ್ಯರ ನರೆಗೆ ವಂಶವೂ ವಯಸ್ಸೂ ಮುಖ್ಯ ಕಾರಣಗಳು. ಎಳೆಯರಲ್ಲಿ ಕೆಲವು ವೇಳೆ ಬಿ12 ಜೀವಸತ್ವದ ಕೊರತೆಯೋ ಥೈರಾಯಿಡ್ ಗ್ರಂಥಿಯ ದೋಷವೋ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸುವದು ಒಳ್ಳೆಯದು. ಎಣ್ಣೆಯು ಹೊರಗಿನ ನಿರ್ಜೀವ ಎಳೆಗೆ ನುಣುಪನ್ನು ಕೊಡುವದೇ ಹೊರತು ಬರಿದಾದ ಸಂಗ್ರಹವನ್ನು ತುಂಬಲಾರದು.

ಆ ತಾಯಿಯು ಮರುದಿನ ತಾನೇ ಮಗಳ ಜಡೆ ಹೆಣೆದು, ಬೈತಲೆಯನ್ನು ನೇರವಾಗಿ ತೆಗೆದು, ಶಾಲೆಗೆ ಕರೆತಂದರು.