ಬಾಣಂತಿಗೆ ಹೇಳಿಕೊಡುವವರೂ ಮತ್ತೆ ಕಲಿಯಬೇಕು



ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. 1992ರಿಂದ ನಡೆದು ಬಂದಿದೆ. ಆ ವಾರ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ "ತಾಯಿಯ ಹಾಲೇ ಅಮೃತ" ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಆದರೆ ಆ ಅಮೃತ ಕುಡಿಸಲು ನೆರವಾಗುವವರು ಏನು ಕಲಿತಿದ್ದಾರೆ, ಯಾವಾಗ ಕಲಿತಿದ್ದಾರೆ ಎಂದು ಕೇಳುವ ಬುದ್ಧಿ ಬಂದದ್ದು ನನ್ನದೇ ಬಾಣಂತನದಲ್ಲಿ.

ಮುಂಬಯಿಯ ಪುಟ್ಟ ಮನೆ. ಅಮ್ಮ ಊರಿನಿಂದ ಬರುವುದು ತಡವಾಗಿತ್ತು. ಮಗುವಿಗೆ ಎಂಟು ದಿನವಾದಾಗ ನನ್ನ ಒಂದು ಎದೆ ಕಲ್ಲಿನಂತೆ ಕಟ್ಟಿಕೊಂಡು ಚಳಿಜ್ವರ ಬಂತು. ಮಾಲಿಶ್ ಮಾಡುವ ಬಾಯಿ ಬಲವಾಗಿ ಒತ್ತಿ ತಿಕ್ಕಿದಳು. ಆಸ್ಪತ್ರೆಗೆ ಫೋನ್ ಮಾಡಿದರೆ ಸಿಸ್ಟರ್, "ಶಾಖ ಕೊಡಿ, ಪಂಪ್ ಇಟ್ಟು ಪೂರ್ತಿ ಖಾಲಿ ಮಾಡಿ" ಎಂದರು. ಇಬ್ಬರದೂ ಒಳ್ಳೆಯ ಮನಸ್ಸೇ. ನೋವು ಮಾತ್ರ ಇಮ್ಮಡಿಯಾಯಿತು.

ಸಿಸ್ಟರ್ ಹೇಳಿದ್ದು ಅವರು ಓದಿದ ಕಾಲದ ಪಾಠ. ಆದರೆ 2022ರಲ್ಲಿ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ ಈ ಪಾಠವನ್ನೇ ಬದಲಿಸಿತು. ಬಲವಾಗಿ ತಿಕ್ಕಿದರೆ ಒಳಗಿನ ಬಾವು ಹೆಚ್ಚುತ್ತದೆ. ಹಾಲು ಹಿಂಡಿ ತೆಗೆದಷ್ಟೂ ದೇಹ ಇನ್ನಷ್ಟು ಹಾಲು ಮಾಡುತ್ತದೆ, ಬಿಗಿತ ಏರುತ್ತದೆ. ಹಾಗಾಗಿ ಮಗು ಕೇಳಿದಷ್ಟು ಕುಡಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್‌ನಿಂದ ತಂಪು ಕೊಡಿ, ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರನ್ನು ಕಾಣಿ ಎಂಬುದು ಈಗಿನ ಸಲಹೆ.

ಇನ್ನೊಂದು ಉದಾಹರಣೆ. ಮಗುವಿಗೆ ನಾಲ್ಕರಿಂದ ಆರು ತಿಂಗಳು ಬರೀ ಎದೆಹಾಲು ಸಾಕು ಎಂದು ಹಿಂದೆ ಕಲಿಸುತ್ತಿದ್ದರು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪೂರ್ತಿ ಆರು ತಿಂಗಳು ಎಂದು ತಿದ್ದಿತು. ಅದಕ್ಕೂ ಮೊದಲು ಓದು ಮುಗಿಸಿದವರಿಗೆ ಇದನ್ನು ಯಾರಾದರೂ ಹೇಳಲೇಬೇಕಲ್ಲವೆ? ಮರುಕಲಿಕೆ ಬೇಕಾಗುವುದು ಇದಕ್ಕೇ.

ಇದಕ್ಕೆ ವ್ಯವಸ್ಥೆಯೂ ಇದೆ. ಐಬಿಸಿಎಲ್‌ಸಿ ಎಂಬುದು ಸ್ತನ್ಯಪಾನ ಸಲಹೆಗಾರರ ಅಂತರರಾಷ್ಟ್ರೀಯ ಅರ್ಹತೆ. 1985ರಲ್ಲಿ ಶುರುವಾಯಿತು. ಒಮ್ಮೆ ಪರೀಕ್ಷೆ ಪಾಸಾದರೆ ಮುಗಿಯಲಿಲ್ಲ. ಐದು ವರ್ಷಕ್ಕೊಮ್ಮೆ ಪ್ರಮಾಣಪತ್ರ ನವೀಕರಿಸಬೇಕು. ಮರುಕಲಿಕೆಯ ದಾರಿ ಹಿಡಿದರೆ 75 ಅಂಕ ಬೇಕು, ಒಂದು ಗಂಟೆಯ ಪಾಠಕ್ಕೆ ಒಂದು ಅಂಕ. ಅದರಲ್ಲಿ ವೃತ್ತಿನೀತಿಯ ಪಾಠಕ್ಕೂ ಪಾಲಿದೆ. ನಮ್ಮ ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ 'ಮಾ' ಕಾರ್ಯಕ್ರಮದಲ್ಲೂ ಆಶಾ ಕಾರ್ಯಕರ್ತೆಯರಿಂದ ಹಿಡಿದು ವೈದ್ಯರವರೆಗೆ ತರಬೇತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಆಸ್ಪತ್ರೆಗಳಿಗಾಗಿ ರೂಪಿಸಿದ ಹತ್ತು ಸೂತ್ರಗಳು 2018ರಲ್ಲಿ ಪರಿಷ್ಕೃತವಾದವು. ಸಿಬ್ಬಂದಿ ತರಗತಿಯಲ್ಲಿ ಕೂತು ಬಂದರೆ ಸಾಲದು, ತಾಯಿಯ ಪಕ್ಕ ಕೂತು ಮಗುವಿಗೆ ಎದೆ ಹಿಡಿಸುವ ಕೌಶಲವೂ ಇರಬೇಕು ಎಂಬುದು ಅದರ ಸಾರ.

ಈ ಪಾಠಕ್ಕೆ ಹಣ ಕೊಡುವವರು ಯಾರು ಎಂಬುದೂ ಮುಖ್ಯ. ಡಬ್ಬಿ ಹಾಲಿನ ಕಂಪನಿ ಊಟ ಹಾಕಿ ನಡೆಸುವ ಸೆಮಿನಾರಿನಲ್ಲಿ ಎದೆಹಾಲಿನ ಪರ ಎಷ್ಟು ಮಾತು ಬಂದೀತು? ಅದಕ್ಕೇ ನಮ್ಮ ದೇಶದ 1992ರ ಶಿಶು ಆಹಾರ ಕಾಯ್ದೆ, 2003ರ ತಿದ್ದುಪಡಿಯ ನಂತರ, ಇಂಥ ಕಂಪನಿಗಳು ಆರೋಗ್ಯ ಸಿಬ್ಬಂದಿಯ ಸೆಮಿನಾರು, ಸಮ್ಮೇಳನ, ಕೋರ್ಸುಗಳಿಗೆ ಹಣ ಕೊಡುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಎದೆಹಾಲಿನ ಜೊತೆ ಮನಸ್ಸಿನ ಪಾಠವೂ ಸೇರಬೇಕು. ಬಾಣಂತಿ ಸುಮ್ಮಸುಮ್ಮನೆ ಅತ್ತರೆ ನಾವು "ದೃಷ್ಟಿಯಾಗಿದೆ" ಎನ್ನುತ್ತೇವೆ. ಅದು ಖಿನ್ನತೆಯೂ ಇರಬಹುದು. ಅದನ್ನು ಗುರುತಿಸಲು ಹತ್ತೇ ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ 1987ರಿಂದ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ 2009ರಲ್ಲಿ ಶುರುವಾಯಿತು. ಆದರೆ ಅಲ್ಲಿಗೆ ಕಳಿಸಬೇಕೆಂದು ಗೊತ್ತಾಗಬೇಕಾದದ್ದು ಹೆರಿಗೆ ವಾರ್ಡಿನ ಸಿಸ್ಟರಿಗೆ, ಮನೆಗೆ ಬರುವ ಆಶಾ ಕಾರ್ಯಕರ್ತೆಗೆ.

ತವರು ದೂರವಿರುವ ನಮ್ಮಂಥವರಿಗೆ ಇವರೇ ತವರು. ನಿಮ್ಮ ಮನೆಯಲ್ಲಿ ಹೆರಿಗೆ ಹತ್ತಿರವಿದ್ದರೆ ಆಸ್ಪತ್ರೆ ಗೊತ್ತು ಮಾಡುವಾಗಲೇ ವಿಚಾರಿಸಿ: ಹಾಲುಣಿಸಲು ಹೇಳಿಕೊಡುವವರು ಇದ್ದಾರೆಯೆ? ಅವರಿಗೆ ಕೊನೆಯ ತರಬೇತಿ ಆದದ್ದು ಯಾವಾಗ? ಸಂಕೋಚ ಬೇಡ, ಇದು ಅವಮಾನದ ಪ್ರಶ್ನೆಯಲ್ಲ.

ಇನ್ನು ನಮ್ಮ ಕೇಳುಗರಲ್ಲಿ ನರ್ಸ್ ಅಕ್ಕತಂಗಿಯರೂ ಇದ್ದೀರಿ. ನೈಟ್ ಡ್ಯೂಟಿ ಮುಗಿಸಿ, ಲೋಕಲ್ ಹಿಡಿದು ಮನೆ ಸೇರುವ ನಿಮಗೆ ಮತ್ತೆ ಪಾಠ ಎಂದರೆ ಬೇಸರ ಬರಬಹುದು, ನನಗೆ ಗೊತ್ತು. ಆದರೂ ಒಂದು ಮಾತು. ಎಂಟನೆಯ ದಿನ ಜ್ವರದಲ್ಲಿ ನಡುಗುತ್ತ ಫೋನ್ ಮಾಡುವವಳಿಗೆ ನೀವು ಹೇಳಿದ್ದೇ ವೇದವಾಕ್ಯ. ಅದು ಇವತ್ತಿನ ಮಾತಾಗಿರಲಿ.

ಮತ್ತೆ ಭೇಟಿಯಾಗೋಣ. ಕೇಳುತ್ತಿರಿ.